ಅತ್ತೆಯ ಬುಟ್ಟಿ ನಡೆದದ್ದು

ನನ್ನ ಕೈಗೆ ಡಿಗ್ರಿ ಬರುವುದಿಲ್ಲ ಎಂದು ಹೇಳಿದವಳು ವೈರಿಯಲ್ಲ, ನನ್ನ ಸ್ವಂತ ಸೋದರತ್ತೆ ಸುಂದ್ರಾಬಾಯಿ. ಅಕ್ಕಲಕೋಟದಲ್ಲಿ ಗುಡಿಯ ದಾರಿಯ ಬೇವಿನ ಗಿಡದ ಕೆಳಗೆ ಹೂವು ಮಾರುವವಳು. ನಮ್ಮ ಹಳ್ಳಿ ತಡವಳದಿಂದ ಬಂದು ಅವಳ ಮನೆಯಲ್ಲೇ ಉಂಡು, ಬಸ್ಸು ಹಿಡಿದು ಸೊಲ್ಲಾಪುರದ ಕಾಲೇಜಿಗೆ ಹೋಗುತ್ತಿದ್ದ ನಾನು, ಕಂಪ್ಯೂಟರಿನಲ್ಲಿ ಆಟ ಕಟ್ಟುವುದನ್ನು ಕಲಿಯುತ್ತಿದ್ದೇನೆ ಎಂದಾಗ ಅವಳು ಮಾಲೆ ಕಟ್ಟುವುದನ್ನು ನಿಲ್ಲಿಸದೆ ಅಂದಳು: "ಆಟ ಆಡಿ ಯಾರ ಪಾಸ್ ಆಗ್ಯಾರಲೇ? ನೀ ಡಿಗ್ರಿ ತರೂ ದಿವಸ ಈ ಬುಟ್ಟಿ ತಾನೇ ನಡಕೋತ ಮನಿಗಿ ಬರತದ ನೋಡು."

ನಮ್ಮ ವಂಶದಲ್ಲಿ ಹತ್ತನೆಯ ಇಯತ್ತೆ ದಾಟಿದವರಿರಲಿಲ್ಲ. ಅವಳ ಅನುಮಾನಕ್ಕೆ ಆಧಾರವಿತ್ತು. ನನ್ನ ಪೂರ್ವಚರಿತ್ರೆ ಅದಕ್ಕೆ ಇನ್ನಷ್ಟು ಬಲ ಕೊಡುತ್ತಿತ್ತು. ಮೊದಲು ಮಾಡಿದ ಆಟದಲ್ಲಿ ಗುರುತ್ವಾಕರ್ಷಣೆಗೆ ಹಾಕಬೇಕಾದ ಕಳೆಯುವ ಚಿಹ್ನೆ ಮರೆತಿದ್ದೆ. ಆಟದೊಳಗಿನ ಕೆಂಪು ಬಸ್ಸು ಒಂದು ತಗ್ಗಿಗೆ ಬಿದ್ದದ್ದೇ ಆಕಾಶಕ್ಕೆ ಹೋಗಿ ಮರಳಿ ಬರಲೇ ಇಲ್ಲ. ದಿನವೂ ಸೊಲ್ಲಾಪುರದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೋಗುವ ಗೆಳೆಯರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆಮೇಲೆ ವೆಬ್‌ಸೈಟು ಕಟ್ಟಲು ಕಲಿತು, ಯಾತ್ರಿಕರು ಇಳಿದುಕೊಳ್ಳುವ ಒಂದು ವಸತಿಗೃಹಕ್ಕೆ ಪುಟ ಮಾಡಿಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಇತ್ತು. ಮೊಬೈಲಿನಲ್ಲಿ ತೆರೆದರೆ ಕೋಣೆ ಕಾಯ್ದಿರಿಸುವ ಗುಂಡಿ ಪರದೆಯಾಚೆ ಎಲ್ಲೋ ಉಳಿಯುತ್ತಿತ್ತು. ಯಾತ್ರಿಕರು ಎಂದಿನಂತೆ ನೇರ ಬಾಗಿಲಿಗೇ ಬಂದರು.

ಕೊನೆಯ ವರ್ಷ ಗ್ರಾಫಿಕ್ಸ್ ಪ್ರಾಜೆಕ್ಟು. ಅದು ಪಾಸಾಗದಿದ್ದರೆ ಡಿಗ್ರಿ ಇಲ್ಲ. ಅತ್ತೆಯ ಬೀದಿಯನ್ನೇ ಮಾಡಿದೆ: ಬೇವಿನ ಗಿಡ, ಬುಟ್ಟಿ, ಮೂಡಿ ಮುಳುಗುವ ಸೂರ್ಯ. ಎಲೆಗಳನ್ನು ಅಲ್ಲಾಡಿಸಲು ಪಟ್ಟ ಪಾಡು ನನಗೇ ಗೊತ್ತು. ಸರ್ ನೋಡಿ, "ಏನೋ ಖೋಟಾ ಕಾಣ್ತದ. ಎಂಟು ದಿನದಾಗ ಸರಿ ಮಾಡು, ಇಲ್ಲಂದ್ರ ಮುಂದಿನ ವರ್ಷ" ಎಂದರು. ಖೋಟಾ ಏನೆಂದು ನನಗೆ ತಿಳಿಯಲಿಲ್ಲ. ಕೊನೆಗೆ ಲ್ಯಾಪ್‌ಟಾಪನ್ನು ಹೂವಿನ ಪಕ್ಕ ಇಟ್ಟು ಅತ್ತೆಗೆ ತೋರಿಸಿದೆ.

"ಹೊತ್ತು ಇಳದದ, ನೆರಳು ಮುಂಜಾನಿ ಜಾಗಾದಾಗೇ ಅದ!" ಎಂದಳು. "ಅಲ್ಲಿ ಕುಂತ್ರ ನನ್ನ ಮಲ್ಲಿಗಿ ಸಂಜೀತನಾ ಉಳೀತಾವೇನು? ದಿನಾ ನಾಕು ಸಲ ಬುಟ್ಟಿ ಸರಸತೀನಿ, ನಿನಗ ಕಂಡಿಲ್ಲೇನಲೇ ಖೋಡಿ?"

ಕಂಡಿತ್ತು. ನಾನೇ ಎಷ್ಟೋ ಸಲ ಎತ್ತಿಟ್ಟಿದ್ದೆ. ಅದನ್ನು ವಿದ್ಯೆ ಎಂದು ಎಣಿಸಿರಲಿಲ್ಲ, ಅಷ್ಟೇ.

ಕಂಪ್ಯೂಟರಿನಲ್ಲಿ ನೆರಳು ತಾನಾಗಿ ಬೀಳುವುದಿಲ್ಲ. ನೆಲದ ಒಂದೊಂದು ಚುಕ್ಕೆಯನ್ನೂ ಕೇಳಬೇಕು: ನಿನಗೂ ಸೂರ್ಯನಿಗೂ ನಡುವೆ ಯಾರಾದರೂ ನಿಂತಿದ್ದಾರೆಯೇ? ಹೌದೆಂದರೆ ಅಲ್ಲಿ ನೆರಳು. ನಾನು ಮುಂಜಾನೆ ಒಮ್ಮೆ ಕೇಳಿ, ಅದೇ ಉತ್ತರವನ್ನು ದಿನಪೂರ್ತಿ ಬಳಸಿದ್ದೆ. ಈಗ ಗಳಿಗೆಗೊಮ್ಮೆ ಕೇಳುವಂತೆ ತಿದ್ದಿ ಬರೆದೆ. ನೆರಳು ಸರಿದಂತೆ ಬುಟ್ಟಿಯೂ ತಾನಾಗಿ ಅದರ ಹಿಂದೆ ಹೋಗುವಂತೆ ಮಾಡಿದೆ. ಸರ್ ಎರಡು ಸಲ ನೋಡಿ ಸಹಿ ಹಾಕಿದರು.

ಸರ್ಟಿಫಿಕೇಟು ಸಿಕ್ಕ ದಿನ ಬಸ್ಸಿಳಿದು ನೇರ ಬೇವಿನ ಗಿಡದ ಹತ್ತಿರ ಹೋದೆ. ಮೊದಲು ಮೊಬೈಲಿನಲ್ಲಿ ಬುಟ್ಟಿ ನಡೆಯುವುದನ್ನು ತೋರಿಸಿದೆ, ಆಮೇಲೆ ಕಾಗದ ಮುಂದೆ ಹಿಡಿದೆ. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು; ಸಾಲದೆಂದು ಇನ್ನೊಮ್ಮೆ ಒರೆಸಿಕೊಂಡಳು. ಅದನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಹೂಂ, ಬುಟ್ಟಿ ನಡೀತು ಬಿಡು," ಎಂದು ನಿಜವಾದ ಬುಟ್ಟಿಯನ್ನು ಅತ್ತ ಸರಿಸಿ ಜಾಗ ಮಾಡಿದಳು. "ಬಿಸಲಾಗ ಯಾಕ ನಿಂತೀದಿ? ಈ ಕಡಿ ಬಾ. ಅಕ್ಷರ ಬಾಡತಾವ."