ಗೇಟಿನ ಖೋಲಿಯ ಗೋಡೆ

ಪರೀಕ್ಷೆಗೆಂದು ಇಟ್ಟ ಡೇಟಾಬೇಸ್ ಎಂದುಕೊಂಡು ನಾನು ಅಳಿಸಿದ್ದು ಅಸಲಿಯನ್ನೇ! ದೋರನಹಳ್ಳಿ ಕಡೆಯ ರೈತರಿಗೆ ಕಾಲುವೆ ನೀರಿನ ಪಾಳಿ ತೋರಿಸುವ ವೆಬ್‌ಸೈಟ್ ಬರಿದಾಯಿತು. ಬ್ಯಾಕಪ್ ತೆರೆದರೆ ಅದೂ ಖಾಲಿ. ಕಾಲುವೆಯ ಗೇಟು ಎತ್ತಲು ಒಂದೇ ತಾಸು ಉಳಿದಿತ್ತು. ಯಾರ ಹೊಲಕ್ಕೆ ಮೊದಲು ಎಂದು ಬಡಿದಾಡಿಕೊಂಡರೆ? ಗೇಟು ಕಾಯುವ ಶರಣಪ್ಪ ಕಾಕಾಗೆ ಫೋನ್ ಮಾಡಿದೆ.

“ಅಂಜಬ್ಯಾಡವ್ವಾ. ದಿನಾ ಮುಂಜಾನಿ ನಿನ್ನ ಪಟ್ಟಿ ನೋಡಿ, ಖೋಲಿ ಗ್ವಾಡಿ ಮ್ಯಾಲ ಇದ್ಲಿಲೆ ಬರೀತೀನಿ. ಮೊಬೈಲ್ ಇಲ್ಲದವ್ರಿಗೂ ಗೊತ್ತಾಗಬೇಕಲ್ಲ?”

ಅವರು ಕಳಿಸಿದ ಗೋಡೆಯ ಫೋಟೊ ನೋಡಿ ಆ ದಿನದ ಪಾಳಿಯನ್ನೆಲ್ಲ ಮತ್ತೆ ತುಂಬಿದೆ.

ಈಗ ಬ್ಯಾಕಪ್ ತೆಗೆದ ದಿನವೇ ತೆರೆದು ನೋಡುತ್ತೇನೆ. ಆದರೂ ಸರ್ವರ್ ಮುಟ್ಟುವ ಮುನ್ನ ಫೋನ್ ಮಾಡಿ ಕೇಳುತ್ತೇನೆ: “ಕಾಕಾ, ಗ್ವಾಡಿ ಮ್ಯಾಲ ಬರದೀರೇನ್ರಿ?”