ಗುರುಲಿಂಗಪ್ಪ ಮಾಸ್ತರರ ಸುರಂಗ

ಬೀದರ ಕಡೆಯಿಂದ ಔರಂಗಾಬಾದಿಗೆ ಬಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಗುರುಲಿಂಗಪ್ಪ ಮಾಸ್ತರರಿಗೆ ಒಂದು ಹುಚ್ಚಿತ್ತು: ಭೂಮಿಗೆ ತೂತು ಕೊರೆಯುವುದು. ಗುದ್ದಲಿಯಿಂದಲ್ಲ ಮತ್ತೆ, ಬರೀ ಮಾತಿನಿಂದ. ಹೆಂಡತಿ ನಾಗಮ್ಮ ಜೋಳದ ಹಿಟ್ಟು ನಾದಿ ಉಂಡೆ ಕಟ್ಟಿದಳೋ ಇಲ್ಲವೋ, ಈ ಮಹಾಶಯರು ಅದಕ್ಕೊಂದು ಕಡ್ಡಿ ಚುಚ್ಚಿ ಪುಟ್ಟ ಮಗಳು ಸಂಗಮ್ಮನನ್ನು ಕರೆಯುತ್ತಿದ್ದರು.

“ಇದು ಭೂಮಿ. ಇದು ಆರ್‌ಪಾರ್ ಸುರಂಗ. ಈ ಬಾಯಾಗ ಒಂದು ಕಲ್ಲು ಬಿಟ್ಟೆ ಅನ್ನು. ಏನಾಗ್ತದ?”

“ಆ ಕಡಿ ಬಿದ್ದು ಹೋಗ್ತದ.”

“ಇಲ್ಲವ್ವ! ನಡುಮಧ್ಯಕ್ಕ ಹೋಗೂತನಕ ಓಟ ಏರ್ತದ. ಅಲ್ಲಿ ಅದಕ್ಕ ತೂಕನೇ ಇಲ್ಲ, ಆದ್ರ ಓಟ ಇರ್ತದಲ್ಲ, ಹಂಗೇ ಮುಂದ ನುಗ್ತದ. ಈಗ ಭೂಮಿ ಅದನ್ನ ಹಿಂದಕ್ಕ ಜಗ್ತದ. ಓಟ ಕಮ್ಮಿ ಆಗ್ತಾ ಆಗ್ತಾ, ಆ ಬಾಯಿಗೆ ಬಂದು ಒಂದೇ ಒಂದು ಗಳಿಗಿ ನಿಂದರ್ತದ. ಆಗ ಯಾರಾದ್ರೂ ಕೈ ಚಾಚಿ ಹಿಡಕೋಬೇಕು. ಇಲ್ಲಂದ್ರ ವಾಪಸ್!”

“ಹಿಡೀಲಿಲ್ಲಂದ್ರ ಯಾವಾಗಲೂ ಹಿಂಗೇ ಹೋಗಿ ಬಂದು ಮಾಡ್ತದೇನಪ್ಪಾ?”

“ಗಾಳಿ ಇರದಿದ್ರ ಮಾಡ್ತಿತ್ತು. ಗಾಳಿ ತಡೀತದ ನೋಡು, ಪ್ರತಿ ಸಲ ಒಂದಿಷ್ಟು ಕೆಳಗಿಂದೇ ತಿರುಗ್ತದ. ಕಡೀಗೆ ನಡುವೆ ಕುಂತು ಬಿಡ್ತದ. ಈ ಕಡೀನೂ ಇಲ್ಲ, ಆ ಕಡೀನೂ ಇಲ್ಲ.”

“ನಿಮ್ಮ ಭೂಮಿ ಇತ್ತ ಕೊಡ್ರಿ, ಹಂಚು ಕಾದದ” ಎಂದು ನಾಗಮ್ಮ ಉಂಡೆ ಕಸಿದುಕೊಳ್ಳುತ್ತಿದ್ದಳು.

ಸಂಗಮ್ಮ ದೊಡ್ಡವಳಾದ ಮೇಲೆ ನಾಸಿಕದಲ್ಲಿ ನೌಕರಿಯಲ್ಲಿದ್ದ ರೇವಣಪ್ಪನಿಗೆ ಕೊಟ್ಟರು. ಉಡಿ ತುಂಬಿ ಕಳಿಸುವಾಗ ಹುಡುಗಿ ಅತ್ತದ್ದೇ ಅತ್ತದ್ದು. ಮಾಸ್ತರರು ಆಗಲೂ ಸುರಂಗವನ್ನೇ ತೆಗೆದರು. ನೇರವಾಗಿ ಕೊರೆದು, ಗಾಳಿ ಉಜ್ಜಾಟ ಏನೂ ಇಲ್ಲದೆ ಜಾರಿದರೆ, ನಾಸಿಕಕ್ಕಾದರೂ ಅಷ್ಟೇ, ಭೂಮಿಯ ಆ ತುದಿಗಾದರೂ ಅಷ್ಟೇ, ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲವಂತೆ! “ದೂರ ಅನ್ನೂದೇ ಇಲ್ಲವ್ವ” ಎನ್ನುತ್ತ ತಾವೇ ಅತ್ತುಬಿಟ್ಟರು.

ವರ್ಷ ತುಂಬುವುದರೊಳಗೆ ಸಂಗಮ್ಮ ಟ್ರಂಕು ಹಿಡಿದು ಒಬ್ಬಳೇ ತವರಿಗೆ ಬಂದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗಂಡ ನೆಂಟರ ಮುಂದೆ ಬೈದಿದ್ದ, ಇವಳು ತಿರುಗಿ ಅಂದಿದ್ದಳು, ಮಾತಿಗೆ ಮಾತು ಬೆಳೆದಿತ್ತು. ಇಷ್ಟೇ ಕಣ್ರೀ! ಆದರೆ ಮಾಸ್ತರರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಸಿಟ್ಟಾಗಿ ಬಂದ ಮಗಳು ತಾನಾಗಿ ಹೋಗುವಂತಿಲ್ಲ, ಗಂಡ ಕರೆಯಲು ಬರಬೇಕು. ಇದು ಅವರ ಮನೆತನದ ರಿವಾಜು. ಬಂದ ಅಳಿಯನೂ ಅಷ್ಟೇ, ಮಾವ ‘ಬರ್ರಿ’ ಎಂದು ಚರಿಗೆಯಲ್ಲಿ ಕಾಲಿಗೆ ನೀರು ಕೊಡದೆ ಹೊಸ್ತಿಲು ದಾಟುವಂತಿಲ್ಲ. “ಬರಲಿ, ಹೊರಗೇ ನಿಂದ್ರಸ್ತೀನಿ. ತಪ್ಪಾತು ಅಂದ ಮ್ಯಾಲೇ ನೀರು” ಎಂದು ಮಾಸ್ತರರು ಹಟ ಹಿಡಿದರು. ಇತ್ತ ಸಂಗಮ್ಮನ ಸಿಟ್ಟು ಎಂದೋ ಇಳಿದಿತ್ತು. ಗಂಡನ ನೆನಪಾಗಿ ತುತ್ತು ಇಳಿಯುತ್ತಿರಲಿಲ್ಲ, ಬಾಯಿ ಬಿಟ್ಟು ಹೇಳಲು ನಾಚಿಕೆ.

ಒಂದು ರವಿವಾರ ರೇವಣಪ್ಪ ಬಂದ. ಮನೆ ಮುಂದಿನ ಬೇವಿನ ಮರದ ಕೆಳಗೆ ನಿಂತ. ಕಟ್ಟೆಯ ಮೇಲಿದ್ದ ಮಾಸ್ತರರು ಕಂಡೂ ಕಾಣದವರಂತೆ ಪೇಪರು ಮುಖಕ್ಕೆ ಹಿಡಿದರು. ಪೇಪರು ಇಳಿಸಿದಾಗ ಮರದ ಕೆಳಗೆ ಯಾರೂ ಇರಲಿಲ್ಲ. ಮನೆಯಲ್ಲಿ ಅವರು ಈ ಮಾತೆತ್ತಲಿಲ್ಲ.

ಮುಂದಿನ ರವಿವಾರ ಎದುರುಮನೆಯ ಶಾಂತಾಬಾಯಿ ತರಕಾರಿ ಚೀಲ ಹಿಡಿದೇ ಬಂದು ಕೂಗಿದಳು: “ಅಹೋ ಮಾಸ್ತರ್, ತುಮ್ಚೆ ಜಾವಯಿ ಆಲೆ ಹೋತೆ!” ಅಳಿಯ ಬಂದಿದ್ದನಂತೆ; ಓಣಿಯ ತುದಿಯ ಪಾನಿನ ಅಂಗಡಿಯವರೆಗೆ ಬಂದು, ಅಲ್ಲಿಂದಲೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದನಂತೆ. ಹೋದ ವಾರ ಬೇವಿನ ಮರದವರೆಗಾದರೂ ಬಂದಿದ್ದನಲ್ಲ ಎಂದು ಅವಳಿಗೇ ಅಚ್ಚರಿ.

ಸಂಗಮ್ಮ ಒಳಗಿನಿಂದ ಓಡಿ ಬಂದಳು. “ಹ್ವಾದ ವಾರನೂ ಬಂದಿದ್ರಾ? ನೀವು ನೋಡಿದ್ರೇನಪ್ಪಾ?”

ಮಾಸ್ತರರು ತಲೆ ತಗ್ಗಿಸಿದರು.

“ಕಲ್ಲು ಬಾಯಿಗೆ ಬಂದು ನಿಂತಿತ್ತಪ್ಪಾ. ನೀವು ಕೈ ಚಾಚಲಿಲ್ಲ. ಇವತ್ತು ಓಣಿ ತುದೀಗೇ ತಿರುಗ್ಯಾರ. ಇನ್ನೊಂದು ಸಲಕ್ಕ ಅರ್ಧ ದಾರಿ ಯೇವಲಾದಿಂದನೇ ತಿರುಗ್ತಾರ. ಆಮ್ಯಾಲ ಅದೂ ಇಲ್ಲ.” ಸಂಗಮ್ಮ ಬಾಗಿಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

ಮಾಸ್ತರರು ದಡಕ್ಕನೆ ಎದ್ದರು. ಎಷ್ಟು ವರ್ಷ ಎಷ್ಟು ಮಕ್ಕಳಿಗೆ ಹೇಳಿದ ಪಾಠ! ನೀರು ತುಂಬಿಟ್ಟಿದ್ದ ಚರಿಗೆ ಎತ್ತಿಕೊಂಡವರೇ, ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಸದಾ ಇಸ್ತ್ರಿ ಧೋತರದಲ್ಲಿರುವ ಮಾಸ್ತರರು ಚರಿಗೆ ಹಿಡಿದು ಓಡುವುದನ್ನು ಕಂಡು ಪಾನಿನ ಅಂಗಡಿಯವನು ಮುಸಿಮುಸಿ ನಕ್ಕ. ನಗಲಿ ಬಿಡಿ.

ನಾಸಿಕದ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಕಿಟಕಿಯ ಪಕ್ಕ ರೇವಣಪ್ಪ ಮುಖ ಇಳಿಬಿಟ್ಟು ಕುಳಿತಿದ್ದ. ಮಾಸ್ತರರು ಹತ್ತಿದವರೇ ಅವನ ಕೈ ಹಿಡಿದರು.

“ಬರ್ರಿ, ಅಳಿಯಂದ್ರ.”

ರೇವಣಪ್ಪನ ಕಣ್ಣು ತುಂಬಿತು. “ತಪ್ಪು ನಂದದ, ಮಾವ.”

“ಅದೆಲ್ಲ ಆಮ್ಯಾಲ. ಮೊದಲ ಇಳೀರಿ.”

ಕಂಡಕ್ಟರ್ ಗಂಟೆ ಬಾರಿಸುವುದಕ್ಕೂ ಇವರು ಕೆಳಗಿಳಿಯುವುದಕ್ಕೂ ಸರಿಹೋಯಿತು. ದಾರಿಯಲ್ಲಿ ರೇವಣಪ್ಪ ಸಂಕೋಚದಿಂದ ಹೇಳಿದ: “ಕೈ ಬಿಡ್ರಿ ಮಾವ, ಎಲ್ಲೀ ಓಡಿ ಹೋಗಲ್ಲ.”

“ಗೊತ್ತದ. ಆದ್ರೂ ಬಿಡಲ್ಲ.”

ಸಂಗಮ್ಮ ಬೇವಿನ ಮರದ ಕೆಳಗೇ ನಿಂತಿದ್ದಳು. ಮಾಸ್ತರರು ಖಾಲಿ ಚರಿಗೆ ಅವಳ ಮುಂದೆ ಹಿಡಿದರು. “ಓಡೂದ್ರಾಗ ಎಲ್ಲಾ ಚೆಲ್ಲೇದವ್ವ. ಬ್ಯಾರೆ ನೀರು ತಾ.”

ಅವಳು ತಂದು ಗಂಡನ ಕಾಲಿಗೆ ನೀರು ಹಾಕುವವರೆಗೂ ಮಾಸ್ತರರು ಆ ಕೈ ಬಿಡಲಿಲ್ಲ.