ಭಟ್ಟಿಗೆ ಬಂದ ಬಳಚಿನ ಚಿಪ್ಪು

ಹಾವೇರಿಯಿಂದ ಅಗಡಿಗೆ ಹೊರಟ ಬಸ್ಸು ಪಂಕ್ಚರ್ ಆಗಿ, ನಾವೆಲ್ಲ ಇಳಿದು ನಿಂತದ್ದು ಒಂದು ಸುಣ್ಣದ ಭಟ್ಟಿಯ ಎದುರು. ಅಲ್ಲಿ ಕುಮಟಾ ಕಡೆಯ ಮಾದೇವಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ಕೇಳಿದ್ದಕ್ಕೆ ಹೇಳಿದಳು: ಅವಳೂರಿನ ಅಳಿವೆಯಲ್ಲಿ ಪಾಚಿ ಎದ್ದು ನೀರೆಲ್ಲ ಕೆಂಪಾಯಿತಂತೆ, ಅಲ್ಲಿ ಹೆಕ್ಕುವ ಬಳಚು ಎಂಬ ಚಿಪ್ಪುಮೀನು ತಿಂದರೆ ವಿಷವೆಂದು ಪೇಟೆಯಲ್ಲಿ ಒಬ್ಬರೂ ಕೊಳ್ಳಲಿಲ್ಲವಂತೆ. ಹನ್ನೆರಡು ಮನೆಯ ಹೆಂಗಸರು ಮಾಂಸವನ್ನು ಹೂತು, ಚಿಪ್ಪನ್ನು ಲಾರಿಗೆ ತುಂಬಿ, ಇವಳನ್ನು ಘಟ್ಟ ಹತ್ತಿಸಿದ್ದರು.

ಭಟ್ಟಿಯ ಹನುಮಂತಪ್ಪನಿಗೆ ನಂಬಿಕೆಯಿರಲಿಲ್ಲ. “ನೀರ ಕೆಟ್ಟಿತ್ತಂದ್ರ ಚಿಪ್ಪೂ ಕೆಟ್ಟಿರತೈತಿ ಬೇ. ಎಲಿ ಅಡಿಕಿಗೆ ಹಚ್ಚೂ ಸುಣ್ಣ ಇದು. ಚಲೋ ಆಗ್ಲಿಲ್ಲಂದ್ರ ಉಳದದ್ದೆಲ್ಲಾ ವಾಪಸ್ ಒಯ್ಯಬೇಕ ನೋಡು.”

“ಮೊದ್ಲು ನೀರು ಹಾಕಿ. ಆಮೇಲೆ ಮಾತಾಡಿ,” ಎಂದಳು ಮಾದೇವಿ.

ಪರೀಕ್ಷೆಗೆಂದು ಭಟ್ಟಿಯಲ್ಲಿ ಸುಟ್ಟು ಆರಿದ್ದ ಒಂದಿಷ್ಟು ಚಿಪ್ಪಿನ ಮೇಲೆ ಅವನು ಒಂದು ಕೊಡ ನೀರು ಸುರಿದ. ತಣ್ಣಗೆ ಬಿದ್ದಿದ್ದ ಚಿಪ್ಪುಗಳು ಒಮ್ಮೆಲೇ ಕೊತಕೊತ ಕುದ್ದು, ಸಿಡಿದು, ಬೆಳ್ಳಗೆ ಅರಳಿದವು! ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಕುದಿ ಇಳಿದ ಮೇಲೆ ಹನುಮಂತಪ್ಪ ಚೂರು ಸುಣ್ಣವನ್ನು ಎಲೆಗೆ ಸವರಿ, ಅಡಿಕೆ ಸೇರಿಸಿ ಜಗಿದ. ಬಸ್ಸಿನವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದೆವು. ಪಕ್ಕಕ್ಕೆ ಉಗುಳಿದ. ಮಣ್ಣಿನ ಮೇಲೆ ಕಡುಗೆಂಪು.

ಮಾದೇವಿ ಕೈತಟ್ಟಿ ನಕ್ಕಳು. “ನೀರು ಕೆಂಪಾಯ್ತು ಅಂತ ಊರೆಲ್ಲ ಹೆದರಿತ್ತು. ಈಗ ನಿಮ್ಮ ಬಾಯಿ ನೋಡ್ಕಣಿ!”

“ಖರೇ ಐತಿ,” ಎಂದ ಹನುಮಂತಪ್ಪ, ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತ. “ಎಸ್‌ಟಿಡಿ ಬೂತಿಗೆ ಹೋಗಿ ನಿಮ್ಮೂರಿಗೆ ಫೋನ್ ಹಚ್ರಿ. ಇನ್ನೊಂದ ಲಾರಿ ಲಗೂ ಬರ್ಲಿ.”